ಮಿತವ್ಯಯವೂ ಮಳೆಯ ಮರೆಯೂ

ಧರ್ಮಾಧರ್ಮಗಳ ವಿಚಾರವು ಶಾಸ್ತ್ರಗ್ರಂಥಗಳಲ್ಲಿಯೂ ಪಂಡಿತರ ಸಭೆಗಳಲ್ಲಿಯೂ ನಡೆಯತಕ್ಕದ್ದು, ಅಂಗಡಿಬೀದಿಯಲ್ಲಿ ಅದಕ್ಕೇನು ಕೆಲಸ ಎಂದು ಕೇಳುವವರುಂಟು. ಆದರೆ ಮನುಷ್ಯನು ಹಣವನ್ನು ಕೈಯಲ್ಲಿ ಹಿಡಿದುಕೊಂಡು ಒಂದು ಪದಾರ್ಥದ ಎದುರಿಗೆ ನಿಂತು, ಕೊಳ್ಳಲೋ ಬೇಡವೋ ಎಂದು ಹೊಯ್ದಾಡುವ ಗಳಿಗೆಯಲ್ಲಿ ಅವನೊಳಗಿನ ಲೋಭ, ಭಯ, ಡಂಭ, ವಿವೇಕ ಈ ನಾಲ್ಕೂ ಒಟ್ಟಿಗೆ ಮಾತನಾಡತೊಡಗುತ್ತವೆ. ಯಾವುದರ ಮಾತನ್ನು ಅವನು ಕೇಳುವನೋ ಅದರಿಂದ ಅವನ ಶೀಲವು ತಿಳಿಯುತ್ತದೆ. ಆದ್ದರಿಂದ ಮಳೆಯಂಗಿಯೊಂದನ್ನು ಕೊಳ್ಳುವ ಅಲ್ಪವಿಷಯವನ್ನು ಹಿಡಿದು ನಾನು ಈ ಲೇಖನವನ್ನು ಬರೆಯಹೊರಟಿರುವುದಕ್ಕೆ ವಾಚಕರು ನಗಬಾರದೆಂದು ಬೇಡುತ್ತೇನೆ.

ಪ್ರಸಂಗವು ಹೀಗಿದೆ. ಹೋದ ವರ್ಷ ಶ್ರಾವಣಮಾಸದ ಒಂದು ಸಂಜೆ, ರಾಜಾಜಿನಗರದ ನಮ್ಮ ಮನೆಯ ಜಗಲಿಯಲ್ಲಿ ನಾನೂ, ಅಂಚೆಯ ಇಲಾಖೆಯಿಂದ ನಿವೃತ್ತರಾದ ನನ್ನ ಸ್ನೇಹಿತರೊಬ್ಬರೂ ಕುಳಿತಿದ್ದೆವು. ಜಡಿಮಳೆ ಹಿಡಿದಿತ್ತು. ಬಸವೇಶ್ವರನಗರದಲ್ಲಿರುವ ನನ್ನ ತಂಗಿಯ ಮಗನು, ಕಾಲೇಜಿನ ಕಡೆಯ ವರ್ಷದ ವಿದ್ಯಾರ್ಥಿ, ನೆನೆದುಕೊಂಡೇ ಬಂದು, ತಲೆಯನ್ನು ಒರಸಿಕೊಂಡು, ಎರಡು ಕಾಗದಗಳನ್ನು ನನ್ನ ಮುಂದಿಟ್ಟನು.

“ಮಾವ, ದೀಪಾವಳಿ ಆದ ಮೇಲೆ ನಾವು ಐದು ಜನ ಕುಮಾರಪರ್ವತಕ್ಕೆ ಹೋಗುತ್ತೇವೆ. ಬರುವ ಜೂನ್ ತಿಂಗಳಲ್ಲಿ ಹಿಮಾಲಯಕ್ಕೆ ಹೋಗಬೇಕೆಂದಿದ್ದೇವೆ. ಮಳೆಗೂ ಚಳಿಗೂ ಬೇಕಾದ ಸಾಮಾನುಗಳ ಪಟ್ಟಿ ಇದು. ಒಂದರ ಮೊತ್ತ ೩೮,೬೦೦ ರೂಪಾಯಿ, ಇನ್ನೊಂದರದು ೧,೨೦೦. ಅಮ್ಮನಿಗೆ ಯಾವುದನ್ನು ತೋರಿಸಲಿ, ನೀವೇ ಹೇಳಿ” ಎಂದನು.

ಮೊದಲನೆಯ ಪಟ್ಟಿಯಲ್ಲಿ ಪರದೇಶದ ಮಳೆಯಂಗಿ, ಷರಾಯಿ, ಇಬ್ಬರು ಮಲಗುವ ಡೇರೆ, ಹಕ್ಕಿಯ ತುಪ್ಪುಳನ್ನು ತುಂಬಿದ ಮಲಗುವ ಚೀಲ, ಬೂಟುಗಳು ಮುಂತಾದುವಿದ್ದುವು. ಎರಡನೆಯದರಲ್ಲಿ ಚಿಕ್ಕಪೇಟೆಯಲ್ಲಿ ಸಿಕ್ಕುವ ತೆಳುವಾದ ಪ್ಲಾಸ್ಟಿಕ್ ಅಂಗಿ, ಒಂದು ಟಾರ್ಪಾಲು, ಒಂದು ಹೊದಿಕೆ ಇಷ್ಟೇ ಇದ್ದುವು. ನನ್ನ ತಂಗಿಯ ಮನೆಯಲ್ಲಿ ದುಡಿಯುವವರು ಒಬ್ಬರು. ಮೊದಲನೆಯ ಪಟ್ಟಿಯನ್ನು ತೋರಿಸಿದರೆ ಅವಳು ಇಲ್ಲವೆನ್ನಳು, ಆದರೆ ಆ ತಿಂಗಳುಗಳನ್ನು ಹೇಗೆ ಸಾಗಿಸುವಳೋ ಅವಳಿಗೇ ಗೊತ್ತು. ಎರಡನೆಯದನ್ನು ತೋರಿಸಿದರೆ ಮಗನು ಹಿಂದಿರುಗುವವರೆಗೂ ನಿದ್ರೆಮಾಡಳು.

ನನ್ನ ಸ್ನೇಹಿತರು ಕಾಗದಗಳನ್ನು ನೋಡಿ ನಕ್ಕರು. “ನಮ್ಮ ತಾತ ಒಂದು ಕಂಬಳಿ, ಒಂದು ಕೊಡೆ ಹಿಡಿದುಕೊಂಡು ಕಾಲ್ನಡಿಗೆಯಲ್ಲಿ ಸುಬ್ರಹ್ಮಣ್ಯಕ್ಕೆ ಹೋಗಿಬಂದರಪ್ಪ. ಶೀತೋಷ್ಣವನ್ನು ಸಹಿಸುವುದಕ್ಕಾಗದವನು ಬೆಟ್ಟಕ್ಕೆ ಏಕೆ ಹೋಗಬೇಕು? ಇದೆಲ್ಲ ಅಂಗಡಿಯವರು ಹುಟ್ಟಿಸಿದ ಭಯ” ಎಂದರು. ಹುಡುಗನು ವಿನಯದಿಂದಲೇ, “ಜೀವಕ್ಕೆ ಬೆಲೆ ಕಟ್ಟುವುದಕ್ಕಾಗುತ್ತದೆಯೇ? ಒಳ್ಳೆಯದನ್ನೇ ಕೊಂಡರೆ ಚಿಂತೆಯಿಲ್ಲವಲ್ಲ” ಎಂದನು. ನಾನು “ನಾಳೆ ಬಾ, ಹೇಳುತ್ತೇನೆ” ಎಂದು ಅವನನ್ನು ಕಳುಹಿಸಿದೆನು. ಉತ್ತರ ತಿಳಿಯದೆ ಹಾಗೆ ಹೇಳಲಿಲ್ಲ. ಹಳೆಯದೊಂದು ಸಂಗತಿ ಮನಸ್ಸಿಗೆ ಬಂದು ನಾಲಗೆ ಏಳಲಿಲ್ಲ. ಅದನ್ನು ಮುಂದೆ ಹೇಳುವೆನು. ಮೊದಲು ಎರಡು ಪೂರ್ವಪಕ್ಷಗಳನ್ನೂ ಪರೀಕ್ಷಿಸೋಣ.

ಸ್ನೇಹಿತರ ಪಕ್ಷವು ತಿತಿಕ್ಷೆಯನ್ನು ಆಶ್ರಯಿಸಿದೆ. ವೇದಾಂತದಲ್ಲಿ ಶಮ, ದಮ, ಉಪರತಿ, ತಿತಿಕ್ಷೆ, ಶ್ರದ್ಧೆ, ಸಮಾಧಾನ ಎಂಬ ಆರು ಸಾಧನಗಳನ್ನು ಹೇಳಿದೆ. ಅವುಗಳಲ್ಲಿ ತಿತಿಕ್ಷೆಯೆಂದರೆ ಶೀತೋಷ್ಣಾದಿ ದ್ವಂದ್ವಗಳನ್ನು ಪ್ರತೀಕಾರದ ಚಿಂತೆಯಿಲ್ಲದೆ, ಗೋಳಾಟವಿಲ್ಲದೆ ಸಹಿಸಿಕೊಳ್ಳುವುದೆಂದು ಪಾಠಶಾಲೆಯಲ್ಲಿ ನಮ್ಮ ಗುರುಗಳು ಕಲಿಸಿದರು. ಇದು ದೊಡ್ಡ ಗುಣವೇ ಸರಿ. ಆದರೆ ಶಾಸ್ತ್ರವು ಯಾವ ಸಾಧನವನ್ನು ಹೇಳಿದರೂ ಅದಕ್ಕೆ ಅಧಿಕಾರಿ ಯಾರೆಂಬುದನ್ನು ಕೂಡ ಹೇಳುತ್ತದೆ. ಆ ಆರು ಸಾಧನಗಳನ್ನು ಹೇಳಿರುವುದು ಇಹಪರಗಳ ಫಲದಲ್ಲಿ ಆಸೆಯನ್ನು ಬಿಟ್ಟು ಮೋಕ್ಷವನ್ನು ಬಯಸಿದವನಿಗೆ. ಮನೆಯಲ್ಲಿ ಕಾದು ಕುಳಿತ ತಾಯಿಯುಳ್ಳವನೂ, ದಾರಿಯಲ್ಲಿ ಜೊತೆಗೆ ನಾಲ್ವರು ಸ್ನೇಹಿತರುಳ್ಳವನೂ ಆ ಅಧಿಕಾರಿಯಲ್ಲ. ಅವನು ಚಳಿಯಿಂದ ಕುಸಿದುಬಿದ್ದರೆ ಸಹಿಸಬೇಕಾದವನು ಅವನೊಬ್ಬನೇ ಅಲ್ಲ; ಅವನನ್ನು ಹೊತ್ತು ಇಳಿಸುವವರೂ ಸಹಿಸಬೇಕು. ತನ್ನ ದೇಹದ ವಿಷಯದಲ್ಲಿ ತಿತಿಕ್ಷೆಯು ಗುಣ. ಪರರ ದೇಹಕ್ಕೆ ಅದನ್ನು ವಿಧಿಸುವುದು ನಿರ್ದಯೆ.

ಇದಲ್ಲದೆ, ನಮ್ಮ ಹಿರಿಯರು ಮಳೆಗೆ ಮೈಯೊಡ್ಡಿಕೊಂಡು ತಿರುಗುತ್ತಿದ್ದರೆಂಬುದು ಸತ್ಯವೂ ಅಲ್ಲ. ಮಲೆನಾಡಿನಲ್ಲಿ ಸಸಿ ನೆಡುವ ಹೆಂಗಸರು ಬಳಸುತ್ತಿದ್ದ ಗೊರಬನ್ನು ನೋಡಿದವರಿಗೆ ಇದು ತಿಳಿಯುತ್ತದೆ. ಬಿದಿರಿನ ಸೀಳುಗಳ ಹಂದರದ ನಡುವೆ ಒಣಗಿದ ಎಲೆಗಳನ್ನು ಒತ್ತಾಗಿ ಹೊಂದಿಸಿ ಹೆಣೆದ, ದೋಣಿಯನ್ನು ಕವುಚಿದಂತಿರುವ ಸಾಧನ ಅದು. ಬಗ್ಗಿ ನಿಂತವಳ ತಲೆಯನ್ನೂ ಬೆನ್ನನ್ನೂ ಮುಚ್ಚುತ್ತದೆ. ಎರಡು ಕೈಗಳನ್ನೂ ಕೆಲಸಕ್ಕೆ ಬಿಟ್ಟುಕೊಡುತ್ತದೆ. ನೆಟ್ಟಗೆ ನಡೆಯುವವನಿಗೆ ಅದು ತೊಡಕು. ಅವನಿಗೆ ಕಂಬಳಿಕೊಪ್ಪೆ ಇತ್ತು: ಕಂಬಳಿಯ ಒಂದು ಮೂಲೆಯನ್ನು ಮಡಿಸಿ ತಲೆಗೆ ಕವಚದಂತೆ ಮಾಡಿಕೊಂಡರೆ ಉಳಿದದ್ದು ಬೆನ್ನ ಮೇಲೆ ಇಳಿಬೀಳುತ್ತದೆ. ಚಳ್ಳಕೆರೆಯ ಕಡೆಯ ಕುರುಬರು ಕುರಿಯ ಉಣ್ಣೆಯನ್ನು ನೂತು, ಹಾಸುನೂಲಿಗೆ ಹುಣಿಸೆಬೀಜದ ಗಂಜಿಯನ್ನು ಉಣ್ಣಿಸಿ ನೇಯುವ ಕಂಬಳಿಯು ಸಣ್ಣ ಮಳೆಯನ್ನು ಮೇಲೆಯೇ ಜಾರಿಸುತ್ತದೆ. ದೊಡ್ಡ ಮಳೆಗೆ ನೆನೆದು ಮಣಭಾರವಾಗುತ್ತದೆ ನಿಜ. ಆದರೆ ನೆನೆದ ಮೇಲೂ ಬೆಚ್ಚಗಿರುವುದು ಉಣ್ಣೆಯ ಗುಣ. ಕರಾವಳಿಯಲ್ಲಿ ತಾಳೆಗರಿಯ ಕೊಡೆ, ಅಡಕೆಯ ಹಾಳೆಯ ಟೊಪ್ಪಿ ಇದ್ದುವು.

ಈ ಉದಾಹರಣೆಗಳಿಂದ ಸಿದ್ಧವಾಗುವುದೇನು? ಹಿರಿಯರು ಕಷ್ಟವನ್ನು ಪೂಜಿಸಲಿಲ್ಲ, ಔಚಿತ್ಯವನ್ನು ಅರಿತಿದ್ದರು. ದೇಶ, ಕಾಲ, ಕರ್ಮ ಈ ಮೂರಕ್ಕೂ ಹೊಂದುವ ಮರೆಯನ್ನು ತಮ್ಮ ಊರಿನ ಎಲೆಯಿಂದಲೋ ಉಣ್ಣೆಯಿಂದಲೋ ಮಾಡಿಕೊಂಡಿದ್ದರು. ಸ್ನೇಹಿತರ ತಾತನವರ ಕಂಬಳಿಯೂ ಆ ಕಾಲಕ್ಕೆ ಸಾಮಾನ್ಯ ವಸ್ತುವಾಗಿರಲಿಲ್ಲ. ಮನೆಯಲ್ಲಿದ್ದ ಅತ್ಯುತ್ತಮವಾದ ಹೊದಿಕೆಯನ್ನೇ ಅವರು ಹೊತ್ತು ನಡೆದಿದ್ದರು.

ಇನ್ನು ಹುಡುಗನ ಪಕ್ಷ. ಜೀವಕ್ಕೆ ಬೆಲೆಯಿಲ್ಲ, ಆದ್ದರಿಂದ ಹೆಚ್ಚು ಬೆಲೆಯದೇ ಯೋಗ್ಯ ಎಂಬ ಅನುಮಾನದಲ್ಲಿ ಹೇತುವೇ ದುಷ್ಟವಾಗಿದೆ. ಬೆಲೆಯು ಹೆಚ್ಚಾಗುವುದಕ್ಕೆ ರಕ್ಷಣೆಯೊಂದೇ ಕಾರಣವಲ್ಲ. ಹಗುರ, ಹೆಸರು, ಬಣ್ಣ ಇವೂ ಕಾರಣಗಳು. ಯಾವುದಕ್ಕೆ ಹಣ ಕೊಡುತ್ತಿದ್ದೇವೆಂಬುದನ್ನು ತಿಳಿಯಬೇಕಾದರೆ ವಸ್ತುವಿನ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು.

ನೀರು ಹೊಗದ ಬಟ್ಟೆಯ ಇತಿಹಾಸವು ಇನ್ನೂರು ವರ್ಷಗಳದು. ೧೮೨೩ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂತಾಷನು ಎರಡು ಬಟ್ಟೆಗಳ ನಡುವೆ ಕರಗಿಸಿದ ರಬ್ಬರನ್ನು ಹಚ್ಚಿ ಒಂದುಮಾಡುವ ಕ್ರಮಕ್ಕೆ ಹಕ್ಕುಪತ್ರವನ್ನು ಪಡೆದನು. ಹೊರಗಿನ ನೀರು ಒಳಕ್ಕೆ ಬರಲಿಲ್ಲ. ಆದರೆ ಒಳಗಿನ ಬೆವರೂ ಹೊರಕ್ಕೆ ಹೋಗಲಿಲ್ಲ. ಈ ದೋಷವು ಇಂದಿನ ಪ್ಲಾಸ್ಟಿಕ್ ಅಂಗಿಯಲ್ಲಿಯೂ ಇದೆ. ಏರುದಾರಿಯಲ್ಲಿ ಅದನ್ನು ತೊಟ್ಟವನು ಮಳೆಯಿಂದ ನೆನೆಯದಿದ್ದರೂ ತನ್ನ ಬೆವರಿನಿಂದಲೇ ನೆನೆಯುತ್ತಾನೆ. ೧೯೬೯ರಲ್ಲಿ ಅಮೆರಿಕದ ರಾಬರ್ಟ್ ಗೋರ್ ಎಂಬವರು ಟೆಫ್ಲಾನ್ ಜಾತಿಯ ವಸ್ತುವನ್ನು ಥಟ್ಟನೆ ಎಳೆದು ಹಿಗ್ಗಿಸಿದಾಗ ಅದರಲ್ಲಿ ಅತಿ ಸೂಕ್ಷ್ಮವಾದ ರಂಧ್ರಗಳು ಉಂಟಾದುವು. ನೀರಿನ ಹನಿ ಆ ರಂಧ್ರಗಳಲ್ಲಿ ನುಗ್ಗದು, ಬೆವರಿನ ಆವಿ ನುಗ್ಗುತ್ತದೆ. ದುಬಾರಿಯಾದ ಮಳೆಯಂಗಿಗಳ ಬೆಲೆಗೆ ಈ ಗುಣವೇ ಮುಖ್ಯಕಾರಣ. ಆದರೆ ಹೊರಗಿನ ಗಾಳಿಯೇ ತೇವದಿಂದ ತುಂಬಿರುವ ಮಲೆನಾಡಿನ ಮಳೆಯಲ್ಲಿ ಆವಿಯು ಹೋಗುವುದಾದರೂ ಎಲ್ಲಿಗೆ? ಅಲ್ಲಿ ಆ ಗುಣವು ಬಹುಮಟ್ಟಿಗೆ ಮಂಕಾಗುತ್ತದೆ. ಹಿಮಾಲಯದ ಒಣಗಾಳಿಯಲ್ಲಿ ಅದರ ಪ್ರಯೋಜನವು ಹೆಚ್ಚು. ಒಂದೇ ಅಂಗಿ, ದೇಶಭೇದದಿಂದ ಅದರ ಯೋಗ್ಯತೆ ಬೇರೆಯಾಯಿತು.

ಅಂಗಡಿಯಲ್ಲಿ ಬಟ್ಟೆಯ ಮೇಲೆ ೧,೫೦೦, ೩,೦೦೦, ೧೦,೦೦೦ ಎಂದು ಮಿಲಿಮೀಟರಿನ ಅಂಕಿಗಳನ್ನು ಬರೆದಿರುತ್ತಾರೆ. ಬಟ್ಟೆಯ ಮೇಲೆ ನೀರಿನ ಕಂಬವನ್ನು ನಿಲ್ಲಿಸಿದರೆ ಅದು ಎಷ್ಟು ಎತ್ತರವಾಗುವವರೆಗೆ ನೀರು ಒಸರುವುದಿಲ್ಲವೆಂಬುದೇ ಆ ಅಂಕಿಯ ಅರ್ಥ. ಡೇರೆಯ ಮೇಲುಹೊದಿಕೆಗೆ ೨,೦೦೦ದಿಂದ ೩,೦೦೦ ಸಾಕು; ಮಲಗಿದವನ ಭಾರವು ಒತ್ತುವುದರಿಂದ ನೆಲಹಾಸಿಗೆ ಇನ್ನೂ ಹೆಚ್ಚು ಬೇಕು. ಅಂಕಿಗಿಂತಲೂ ಮುಖ್ಯವಾದದ್ದು ಹೊಲಿಗೆ. ಸೂಜಿಯ ಪ್ರತಿಯೊಂದು ತೂತೂ ನೀರಿಗೆ ಬಾಗಿಲು. ಆದ್ದರಿಂದ ಅಂಗಿಯನ್ನು ಒಳಮಗ್ಗುಲು ತಿರುಗಿಸಿ, ಹೊಲಿಗೆಗಳ ಮೇಲೆ ಉದ್ದಕ್ಕೂ ಪಟ್ಟಿಯನ್ನು ಅಂಟಿಸಿದ್ದಾರೆಯೇ ಎಂದು ನೋಡತಕ್ಕದ್ದು. ತಲೆಗವಸು ಗಾಳಿಗೆ ಹಾರದಂತೆ ಬಿಗಿಯುವ ದಾರವಿದೆಯೇ, ಕೈಯೆತ್ತಿದರೆ ತೋಳು ಮೊಣಕೈಗೆ ಜಾರುತ್ತದೆಯೇ ಎಂಬುದನ್ನೂ ನೋಡತಕ್ಕದ್ದು. ಇವನ್ನೆಲ್ಲ ಪರೀಕ್ಷಿಸುವುದಕ್ಕೆ ಹಣ ಬೇಡ, ತಾಳ್ಮೆ ಸಾಕು. ಕೊಂಡುತಂದದ್ದನ್ನು ಒದ್ದೆಯಾಗಿಯೇ ಮಡಿಸಿಟ್ಟರೆ ಒಳಗಿನ ಲೇಪವು ಕೆಲವು ವರ್ಷಗಳಲ್ಲಿ ಅಂಟಂಟಾಗಿ ಸುಲಿದುಹೋಗುತ್ತದೆ; ನೆರಳಿನಲ್ಲಿ ಒಣಗಿಸಿಟ್ಟರೆ ಬಹುಕಾಲ ಬಾಳುತ್ತದೆ. ವಸ್ತುವಿನ ಬೆಲೆಯಲ್ಲಿ ಅರ್ಧವನ್ನು ಅಂಗಡಿಯಲ್ಲಿಯೂ ಉಳಿದರ್ಧವನ್ನು ಮನೆಯಲ್ಲಿ ಕಾಪಾಡುವ ಶ್ರಮದಲ್ಲಿಯೂ ಕೊಡುತ್ತೇವೆಂದು ತಿಳಿಯಬೇಕು.

ಇನ್ನು ಚಳಿಯ ವಿಷಯ. ಸಾವಿರ ಮೀಟರ್ ಏರಿದರೆ ಉಷ್ಣತೆಯು ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ನೀರು ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಚೆನ್ನಾಗಿ ಶಾಖವನ್ನು ಒಯ್ಯುತ್ತದೆ; ಆದ್ದರಿಂದ ಮೈಗೆ ಅಂಟಿದ ಒದ್ದೆಯ ಹತ್ತಿಬಟ್ಟೆಯು ಬಟ್ಟೆಯಿಲ್ಲದಿರುವುದಕ್ಕಿಂತಲೂ ಕೆಡುಕನ್ನು ಮಾಡಬಲ್ಲದು. ದೇಹದ ಒಳಗಿನ ಉಷ್ಣತೆಯು ೩೫ ಡಿಗ್ರಿಗಿಂತ ಕೆಳಕ್ಕೆ ಇಳಿದರೆ ವೈದ್ಯರು ಅದನ್ನು ಹೈಪೊಥರ್ಮಿಯಾ ಎನ್ನುತ್ತಾರೆ. ಅದಕ್ಕೆ ಹಿಮವೇ ಬೇಕೆಂದಿಲ್ಲ. ಮಳೆಯೂ ಗಾಳಿಯೂ ಸೇರಿದರೆ ನೀರು ಹೆಪ್ಪುಗಟ್ಟದ ಹವೆಯಲ್ಲಿಯೂ ಅದು ಬರುತ್ತದೆ. ೧೯೨೪ರಲ್ಲಿ ಎವರೆಸ್ಟಿಗೆ ಹೊರಟು ಹಿಂದಿರುಗದ ಜಾರ್ಜ್ ಮ್ಯಾಲರಿಯ ದೇಹವು ೧೯೯೯ರಲ್ಲಿ ದೊರೆತಾಗ, ಅದರ ಮೇಲೆ ಹತ್ತಿ, ರೇಷ್ಮೆ, ಉಣ್ಣೆಗಳ ಹಲವು ಪದರಗಳೂ ಹೊರಗಡೆ ಗಾಳಿಯನ್ನು ತಡೆಯುವ ಗ್ಯಾಬರ್ಡೀನ್ ಅಂಗಿಯೂ ಕಂಡುಬಂದುವು. ಪದರಪದರವಾಗಿ ತೊಡುವ ಈ ಕ್ರಮವು ಇಂದಿಗೂ ಬದಲಾಗಿಲ್ಲ: ಮೈಗೆ ಬೆವರನ್ನು ಹೀರಿ ಬೇಗ ಒಣಗುವುದು, ಅದರ ಮೇಲೆ ಉಣ್ಣೆಯಂತೆ ಬೆಚ್ಚಗಿಡುವುದು, ಎಲ್ಲಕ್ಕೂ ಹೊರಗೆ ಗಾಳಿಮಳೆಗಳನ್ನು ತಡೆಯುವುದು. ಇವುಗಳಲ್ಲಿ ನಡುವಿನದು ನಮ್ಮ ಮನೆಗಳ ಪೆಟ್ಟಿಗೆಗಳಲ್ಲಿ ಅಜ್ಜಿಯರು ಹೆಣೆದ ಸ್ವೆಟರುಗಳ ರೂಪದಲ್ಲಿ ಆಗಲೇ ಇದೆ. ಇನ್ನು ಎಲ್ಲಕ್ಕಿಂತ ಅಗ್ಗವಾದ ರಕ್ಷಣೆ ಯಾವುದೆಂದರೆ, ದಪ್ಪನಾದ ಪ್ಲಾಸ್ಟಿಕ್ ಚೀಲದಲ್ಲಿ ಬಾಯಿಕಟ್ಟಿ ಬೆನ್ನುಚೀಲದ ತಳದಲ್ಲಿಟ್ಟ ಒಂದು ಜೊತೆ ಒಣಬಟ್ಟೆ. ಅದರ ಬೆಲೆ ಕೆಲವೇ ರೂಪಾಯಿ.

ಇಷ್ಟರಿಂದ ದುಬಾರಿಯ ಪಕ್ಷವು ಸಡಿಲವಾಯಿತು. ಹಾಗಾದರೆ ೧,೨೦೦ ರೂಪಾಯಿಯ ಪಟ್ಟಿಯೇ ಸಾಧುವೆನ್ನೋಣವೇ? ನಾನು ಹುಡುಗನಿಗೆ ಆ ಸಂಜೆ ಉತ್ತರ ಕೊಡಲಾರದೆ ಹೋದದ್ದು ಈ ಸ್ಥಳದಲ್ಲಿಯೇ. ನನ್ನ ತಪ್ಪನ್ನು ಇಲ್ಲಿ ಹೇಳಿಕೊಳ್ಳಬೇಕಾಗಿದೆ.

೧೯೯೬ರ ನವೆಂಬರ್ ತಿಂಗಳು. ಬಯಲುಸೀಮೆಯ ಒಂದು ಪ್ರೌಢಶಾಲೆಯಲ್ಲಿ ಉಪಾಧ್ಯಾಯನಾಗಿದ್ದ ನಾನು ಒಂಬತ್ತನೆಯ ತರಗತಿಯ ಇಪ್ಪತ್ತೆಂಟು ಮಂದಿ ಹುಡುಗರನ್ನು ಕೊಡಚಾದ್ರಿಗೆ ಕರೆದುಕೊಂಡು ಹೋದೆನು. ೧,೩೪೩ ಮೀಟರ್ ಎತ್ತರದ ಆ ಬೆಟ್ಟದ ಮೇಲಿರುವ ಸರ್ವಜ್ಞಪೀಠವನ್ನು ಹುಡುಗರಿಗೆ ತೋರಿಸಬೇಕೆಂಬುದು ನನ್ನ ಬಹುದಿನದ ಆಸೆ. ಮಳೆಗಾಲ ಕಳೆದಿದ್ದರೂ ಮಲೆನಾಡನ್ನು ನಂಬುವಂತಿಲ್ಲವೆಂದು ಮಳೆಯ ಮರೆಗಾಗಿ ೫೦೦ ರೂಪಾಯಿಯನ್ನು ನನ್ನ ಕೈಗೆ ಕೊಟ್ಟಿದ್ದರು. ಅಷ್ಟರಲ್ಲಿ ಗಟ್ಟಿಯಾದ ಹಾಳೆಗಳು ಬರುತ್ತಿದ್ದುವು. ನಾನು ಎರಡು ಅಂಗಡಿ ತಿರುಗಿ, ಅತ್ಯಂತ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಕೊಂಡು, ಇಪ್ಪತ್ತೆಂಟು ತುಂಡುಮಾಡಿಸಿ, ಉಳಿದ ೧೮೦ ರೂಪಾಯಿಯನ್ನು ಲೆಕ್ಕದ ಚೀಟಿಯೊಡನೆ ಹಿಂದಕ್ಕೆ ಕೊಟ್ಟೆನು. ಎಲ್ಲರೂ ಹೊಗಳಿದರು. ನನಗೂ ಹೆಮ್ಮೆಯಾಗಿತ್ತೆಂಬುದನ್ನು ಮರೆಮಾಚಲಾರೆ.

ದಾರಿ ತೋರಿಸುವುದಕ್ಕೆ ಬೆಟ್ಟದ ಬುಡದ ಹಳ್ಳಿಯ ಒಬ್ಬಾತನನ್ನು ದಿನಗೂಲಿಯ ಮೇಲೆ ಕರೆದುಕೊಂಡಿದ್ದೆವು. ವಯಸ್ಸು ಐವತ್ತರ ಮೇಲಿರಬಹುದು. ಹೆಗಲ ಮೇಲೊಂದು ಕರಿಯ ಕಂಬಳಿ. ಸರ್ವಜ್ಞಪೀಠವನ್ನು ಮುಟ್ಟುವ ಹೊತ್ತಿಗೆ ಪಡುವಣ ಕಣಿವೆಯಿಂದ ಮೋಡವೆದ್ದು ಗಾಳಿಮಳೆ ಹೊಡೆಯಿತು. ನನ್ನ ಪ್ಲಾಸ್ಟಿಕ್ ಹಾಳೆಗಳು ಕಾಲು ಗಂಟೆಯೂ ನಿಲ್ಲಲಿಲ್ಲ. ಚೂರುಚೂರಾಗಿ ಹರಿದು ಗಾಳಿಗೆ ಹಾರಿದುವು. ಸ್ವಂತದ ಕೊಡೆಯೋ ಸ್ವೆಟರೋ ಇದ್ದ ಹುಡುಗರು ಹೇಗೋ ತಡೆದುಕೊಂಡರು. ಏನೂ ಇಲ್ಲದ ಹುಡುಗನೊಬ್ಬನಿದ್ದನು. ಹತ್ತಿಯ ಅಂಗಿಯೊಂದೇ ಅವನ ಮೈಮೇಲಿತ್ತು. ಇಳಿಯುತ್ತಿರುವಾಗ ಅವನಿಗೆ ಹಲ್ಲು ಕಟಕಟಿಸುವಂತೆ ನಡುಕ ಬಂದಿತು. ಸ್ವಲ್ಪ ಹೊತ್ತಿನ ಮೇಲೆ ನಡುಕ ನಿಂತಿತು. ಚಳಿ ಬಿಟ್ಟಿತೆಂದು ನಾನು ಸಮಾಧಾನಪಟ್ಟೆನು. ಅವನು ಸಂಬಂಧವಿಲ್ಲದ ಮಾತುಗಳನ್ನಾಡುತ್ತ ಕಲ್ಲಿನ ಮೇಲೆ ಕುಳಿತುಬಿಟ್ಟನು.

ದಾರಿಗಾರನು ಮಾತ್ರ ಹೆದರಿದನು. ನಡುಕ ನಿಲ್ಲುವುದೇ ಕೆಟ್ಟ ಸೂಚನೆಯೆಂದು ಆತನಿಗೆ ಗೊತ್ತಿತ್ತು. ಪುಸ್ತಕಗಳನ್ನು ಓದಿದ ನನಗೆ ಗೊತ್ತಿರಲಿಲ್ಲ. ಆತನು ಹುಡುಗನ ಒದ್ದೆಯಂಗಿಯನ್ನು ಬಿಚ್ಚಿಸಿ, ತನ್ನ ಕಂಬಳಿಯನ್ನು ಸುತ್ತಿ, ಬೆನ್ನ ಮೇಲೆ ಹೊತ್ತುಕೊಂಡು, ಬರಿಯ ಅಂಗಿಯಲ್ಲಿ ಆ ಮಳೆಯಲ್ಲಿಯೇ ಕೆಳಗಿನ ದೇವಾಲಯದ ಬಳಿಯ ಸೂರಿನವರೆಗೆ ನಡೆದನು. ಅಲ್ಲಿ ಬೆಂಕಿಯ ಬಳಿ ಎರಡು ಗಂಟೆಗಳ ಮೇಲೆ ಹುಡುಗನು ಚೇತರಿಸಿಕೊಂಡು ಬಿಸಿನೀರು ಕೇಳಿದನು.

ಊರಿಗೆ ಹಿಂದಿರುಗಿ ಹದಿನೈದು ದಿನಗಳಾದ ಮೇಲೆ ಆ ಹಳ್ಳಿಯ ಉಪಾಧ್ಯಾಯರಿಗೆ ಕಾರ್ಡು ಬರೆದು ಆತನ ಯೋಗಕ್ಷೇಮವನ್ನು ವಿಚಾರಿಸಿದೆನು. ನಾವು ಬಂದ ಮಾರನೆಯ ದಿನದಿಂದ ಆತನು ಜ್ವರದಲ್ಲಿ ಮಲಗಿದ್ದನೆಂದೂ, ಅಡಕೆಯ ಕೊನೆಕೊಯ್ಲಿನ ಕಾಲವಾಗಿದ್ದರೂ ಹನ್ನೊಂದು ದಿನ ಕೂಲಿಗೆ ಹೋಗಲಾಗಲಿಲ್ಲವೆಂದೂ ಉತ್ತರ ಬಂದಿತು. ನಾನು ಮನಿಯಾರ್ಡರ್ ಮಾಡಿದೆನು. ಆತನು ಅದನ್ನು ಸ್ವೀಕರಿಸಿದನು. ಸ್ವೀಕರಿಸದಿದ್ದರೆ ನನ್ನ ಕಷ್ಟ ಇನ್ನೂ ಹೆಚ್ಚಾಗುತ್ತಿತ್ತು.

ಆ ದಿನದಿಂದ ‘ಅಗ್ಗ’ ಎಂಬ ಮಾತು ನನ್ನ ಕಿವಿಗೆ ಬಿದ್ದಾಗಲೆಲ್ಲ ‘ಯಾರಿಗೆ?’ ಎಂಬ ಪ್ರಶ್ನೆಯೂ ಕೂಡಲೆ ಏಳುತ್ತದೆ. ನಾನು ಉಳಿಸಿದ ೧೮೦ ರೂಪಾಯಿ ನಿಜವಾಗಿ ಉಳಿದಿರಲಿಲ್ಲ. ಅದನ್ನು ಬೇರೊಬ್ಬನು ತನ್ನ ಹನ್ನೊಂದು ದಿನದ ಕೂಲಿಯಿಂದ ತೆತ್ತನು. ಒಂದಿಷ್ಟನ್ನು ಆ ಬೆಟ್ಟವೂ ತೆತ್ತಿತು. ಹಾರಿದ ಚೂರುಗಳಲ್ಲಿ ಎಷ್ಟೋ ಇಂದಿಗೂ ಅಲ್ಲಿನ ಹುಲ್ಲಿನ ಬೇರಿನಲ್ಲಿ ಇರಬಹುದು. ವ್ಯವಹಾರದಲ್ಲಿ ಭಾಗಿಯಲ್ಲದವನ ಮೇಲೆ ವೆಚ್ಚವನ್ನು ಹೊರಿಸಿ ಉಳಿಸಿದ ಹಣಕ್ಕೆ ಮಿತವ್ಯಯವೆಂಬ ಹೆಸರು ಸಲ್ಲದು. ಲೋಭವು ಮಿತವ್ಯಯದ ವೇಷವನ್ನು ಹಾಕಿಕೊಂಡು ಬಂದರೆ ಗುರುತಿಸುವುದು ಕಷ್ಟ. ವೆಚ್ಚವನ್ನು ಕೊನೆಗೆ ಹೊತ್ತವರು ಯಾರೆಂದು ಕೇಳಿದರೆ ಮಾತ್ರ ವೇಷವು ಕಳಚುತ್ತದೆ.

ಇದು ಬೆಟ್ಟಕ್ಕೆ ಹೋಗುವವರಿಗೆ ಮಾತ್ರ ಸೇರಿದ ಮಾತೂ ಅಲ್ಲ. ಜಡಿಮಳೆಯ ರಾತ್ರಿ ರಾಜಾಜಿನಗರದ ನಮ್ಮ ಬಾಗಿಲಿಗೆ ಸ್ಕೂಟರಿನಲ್ಲಿ ಊಟದ ಪೊಟ್ಟಣವನ್ನು ತರುವ ಹುಡುಗನ ಮೈಮೇಲೆ ಎಂಥ ಅಂಗಿಯಿದೆಯೆಂದು ನಾವು ನೋಡುತ್ತೇವೆಯೇ? ನಾವು ನೆನೆಯದಿರುವುದಕ್ಕಾಗಿ ಅವನು ನೆನೆದು ಬಂದಿರುತ್ತಾನೆ.

ಆದರೆ ಇದರ ಮೇಲೆ ಒಂದು ಆಕ್ಷೇಪವು ಬರುತ್ತದೆ: ಎಷ್ಟು ಸಿದ್ಧತೆ ಮಾಡಿಕೊಂಡರೂ ದೈವವು ಮೀರುವುದಿ�ಲ್ಲವೇ ಎಂದು. ಮೀರುತ್ತದೆ. ೨೦೨೪ರ ಜೂನ್ ೪ರಂದು ಉತ್ತರಾಖಂಡದ ಸಹಸ್ರ ತಾಲ್ ಎಂಬ ಸರೋವರದ ದಾರಿಯಲ್ಲಿ, ನಾಲ್ಕು ಸಾವಿರ ಮೀಟರಿಗೂ ಮೇಲ್ಪಟ್ಟ ಎತ್ತರದಲ್ಲಿ, ಇಪ್ಪತ್ತೆರಡು ಮಂದಿಯ ತಂಡವೊಂದು ಹಿಮಗಾಳಿಗೆ ಸಿಕ್ಕಿತು. ಅವರಲ್ಲಿ ಹೆಚ್ಚಿನವರು ಕರ್ನಾಟಕದವರು, ಬೆಂಗಳೂರಿನವರು. ಒಂಬತ್ತು ಮಂದಿ ಚಳಿಗೆ ಬಲಿಯಾದರು. ಉಳಿದ ಹದಿಮೂರು ಮಂದಿಯನ್ನು ರಕ್ಷಿಸಿ ತಂದರು. ಅದಕ್ಕಾಗಿ ವಾಯುಸೇನೆಯ ಹೆಲಿಕಾಪ್ಟರುಗಳು ಹಾರಬೇಕಾಯಿತು. ನಮ್ಮ ರಾಜ್ಯದ ಸಚಿವರಾದ ಕೃಷ್ಣ ಬೈರೇಗೌಡರು ಡೆಹರಾಡೂನಿಗೆ ಧಾವಿಸಿದರು. ಆ ವಾರ ಈ ಪಟ್ಟಣದ ಎಷ್ಟೋ ಮನೆಗಳಲ್ಲಿ ಒಲೆ ಹತ್ತಲಿಲ್ಲ. ಅವರು ತೊಟ್ಟಿದ್ದ ಉಡುಪಿನಲ್ಲಿ ಕೊರತೆಯನ್ನು ಹುಡುಕುವುದು ನನ್ನ ಉದ್ದೇಶವಲ್ಲ, ಹಾಗೆ ಮಾಡುವುದು ಮರ್ಯಾದೆಯೂ ಅಲ್ಲ. ನಾನು ಹೇಳುವುದಿಷ್ಟೆ: ಎತ್ತರದಲ್ಲಿ ಗಾಳಿಮಳೆಗಳು ಅನುಭವಿಗಳನ್ನೂ ಬಿಡುವುದಿಲ್ಲ. ಹಾಗಿರುವಾಗ ಪುರುಷಪ್ರಯತ್ನದಿಂದ ಆಗುವಷ್ಟನ್ನು ಮಾಡಿ, ಮೀರಿದ್ದನ್ನು ದೈವಕ್ಕೆ ಬಿಡತಕ್ಕದ್ದು; ಮಾಡಬೇಕಾದ್ದನ್ನೇ ಮಾಡದೆ ದೈವವನ್ನು ಮುಂದಿಡತಕ್ಕದ್ದಲ್ಲ. ಮೋಡವನ್ನು ಕಂಡು ಹಿಂದಿರುಗುವ ಧೈರ್ಯವೂ ಪುರುಷಪ್ರಯತ್ನದಲ್ಲಿಯೇ ಸೇರಿದೆ. ಅದನ್ನು ಯಾವ ಅಂಗಡಿಯವನೂ ಮಾರುವುದಿಲ್ಲ.

ಈಗ ಸಿದ್ಧಾಂತವನ್ನು ಸಂಗ್ರಹಿಸುತ್ತೇನೆ. ಮಳೆಗಾಳಿಗಳ ಮರೆಯನ್ನು ಕೊಳ್ಳುವವನು ತನ್ನನ್ನು ಮೂರು ಪ್ರಶ್ನೆಗಳಿಂದ ಪರೀಕ್ಷಿಸಿಕೊಳ್ಳಲಿ. ಒಂದನೆಯದು: ನಾನು ಹೋಗುವ ದೇಶಕಾಲಗಳಿಗೆ ಇದು ತಕ್ಕದ್ದೇ? ವರ್ಷಕ್ಕೆ ಒಂದು ಮೀಟರಿನಷ್ಟೂ ಮಳೆ ಸಾಮಾನ್ಯವಾಗಿ ಬೀಳದ ಬೆಂಗಳೂರಿನಲ್ಲಿ ಸಾಕಾದ ಅಂಗಿಯು, ಏಳು ಮೀಟರಿಗೂ ಮೀರಿ ಬೀಳುವ ಆಗುಂಬೆಯಲ್ಲಿ ಸಾಕಾಗದು. ಎರಡನೆಯದು: ಇದು ಕೈಕೊಟ್ಟರೆ ನಷ್ಟವನ್ನು ಹೊರುವವರು ಯಾರು? ಹೊರುವವನು ನಾನೊಬ್ಬನೇ ಆದರೆ, ಮತ್ತು ಆ ನಷ್ಟವು ನೆಗಡಿಯಷ್ಟೇ ಆದರೆ, ಅಗ್ಗದ್ದನ್ನು ಧಾರಾಳವಾಗಿ ಕೊಳ್ಳಬಹುದು. ಮೂರನೆಯದು: ಇದರ ಹಣವು ಯಾರ ಊಟದಿಂದ ಬರುತ್ತಿದೆ? ಮಗನ ಹೆಗಲಿಗೆ ಹೆಸರುವಾಸಿಯಾದ ಅಂಗಿಯೇರಿಸುವುದಕ್ಕೆ ತಾಯಿಯು ಔಷಧಿಯನ್ನು ಬಿಟ್ಟರೆ, ಅಲ್ಲಿಯೂ ಭಾಗಿಯಲ್ಲದವಳು ವೆಚ್ಚ ಹೊತ್ತಂತಾಯಿತು. ಅತಿವ್ಯಯವೂ ಲೋಭವೂ ಹೊರಗೆ ವಿರುದ್ಧವಾಗಿ ಕಂಡರೂ ಈ ಒಂದು ದೋಷದಲ್ಲಿ ಅಣ್ಣತಮ್ಮಂದಿರು.

ಮಾರನೆಯ ದಿನ ಹುಡುಗನು ಬಂದಾಗ ಇಬ್ಬರೂ ಕುಳಿತು ಹೊಸ ಪಟ್ಟಿಯನ್ನು ಮಾಡಿದೆವು. ಕುಮಾರಪರ್ವತದ ಶಿಖರದಲ್ಲಿ ರಾತ್ರಿ ತಂಗುವುದಕ್ಕೆ ಅನುಮತಿಯೇ ಇಲ್ಲವಾದ್ದರಿಂದ ಡೇರೆಯನ್ನು ತೆಗೆದುಹಾಕಿದೆವು. ನೆನೆದರೆ ಮುದ್ದೆಯಾಗುವ ತುಪ್ಪುಳಿನ ಚೀಲವನ್ನು ಬಿಟ್ಟೆವು. ಹಿಮಾಲಯಕ್ಕೆ ಬೇಕಾದಾಗ ಡೇರೆಯನ್ನೂ ಮಲಗುವ ಚೀಲವನ್ನೂ ಬಾಡಿಗೆಗೆ ತರಬಹುದು, ಈ ಊರಿನಲ್ಲಿ ಅಂಥ ಅಂಗಡಿಗಳಿವೆ. ಹೊಲಿಗೆಗೆ ಪಟ್ಟಿ ಅಂಟಿಸಿದ ಒಂದು ಒಳ್ಳೆಯ ಮಳೆಯಂಗಿ, ಜಾರದ ಬೂಟು, ಬೇಗ ಒಣಗುವ ಒಂದು ಒಳಯಂಗಿ ಇವಕ್ಕೆ ಹಣವನ್ನು ಹಿಡಿಯಲಿಲ್ಲ. ಸ್ವೆಟರು, ಉಣ್ಣೆಯ ಟೊಪ್ಪಿ, ಒಣಬಟ್ಟೆಯ ಚೀಲ ಮನೆಯವೇ ಆದುವು. ಮೊತ್ತವು ೬,೪೦೦ ರೂಪಾಯಿಗೆ ನಿಂತಿತು. ಕೊನೆಯಲ್ಲಿ ನಾನು ಇನ್ನೊಂದು ಸಾಲನ್ನು ಬರೆದೆನು: ಐವರೂ ಸೇರಿ ಒಂದು ಮಳೆಯಂಗಿಯನ್ನೂ ಒಂದು ಉಣ್ಣೆಯ ಹೊದಿಕೆಯನ್ನೂ ಹೆಚ್ಚಾಗಿ ಒಯ್ಯಬೇಕು, ದಾರಿ ತೋರಿಸುವವನ ಮೈಮೇಲೆ ತಕ್ಕದ್ದಿಲ್ಲದಿದ್ದರೆ ಹೊರಡುವ ಮೊದಲೇ ಅವನಿಗೆ ಕೊಡಬೇಕು. ಇದರ ಹಣವನ್ನು ನಾನು ಕೊಟ್ಟೆನು. “ಇದೇಕೆ ಮಾವ?” ಎಂದು ಹುಡುಗನು ಕೇಳಿದನು. ಕೊಡಚಾದ್ರಿಯ ಕಥೆಯನ್ನು ನಾನು ನಮ್ಮ ಮನೆಯವರಲ್ಲಿ ಮೊದಲು ಹೇಳಿದ್ದು ಅವನಿಗೇ.

ಕಾರ್ತಿಕದಲ್ಲಿ ಅವರು ಹೋಗಿ ಬಂದರು. ಮಳೆಯು ಬರಲೇ ಇಲ್ಲ. ಎರಡು ದಿನವೂ ಆಕಾಶ ತಿಳಿಯಾಗಿತ್ತಂತೆ. ಹೆಚ್ಚಿನ ಅಂಗಿಯು ಮಡಿಕೆ ಬಿಚ್ಚದೆ ಹಿಂದಿರುಗಿತು. ನನ್ನ ಸ್ನೇಹಿತರು, “ನೋಡಿದಿರಾ, ನಿಮ್ಮ ಹಣ ಬೆಟ್ಟ ಹತ್ತಿ ಇಳಿದು ಬಂದಿತು” ಎಂದು ಹಾಸ್ಯಮಾಡಿದರು. ನಾನೂ ನಕ್ಕೆನು. ಆದರೆ ಆ ಹಾಸ್ಯದಲ್ಲಿ ಒಂದು ಗಂಭೀರವಾದ ಪ್ರಶ್ನೆಯಿದೆ. ಮಳೆ ಬಂದಿದ್ದರೆ ನಮ್ಮ ಸಿದ್ಧತೆಯು ವಿವೇಕವೆನಿಸಿಕೊಳ್ಳುತ್ತಿತ್ತು, ಬಾರದಿದ್ದುದರಿಂದ ದುಂದೆನಿಸಿಕೊಳ್ಳಬೇಕೆ? ಹಾಗಾದರೆ ೧೯೯೬ರ ಆ ಮಧ್ಯಾಹ್ನ ಕೊಡಚಾದ್ರಿಯಲ್ಲಿ ಮಳೆ ಬಾರದಿದ್ದರೆ, ನಾನು ಉಳಿಸಿದ ೧೮೦ ರೂಪಾಯಿ ಗುಣವಾಗಿಯೇ ಉಳಿಯುತ್ತಿತ್ತು. ನಾನು ಇಂದಿಗೂ ಅದನ್ನು ಹೇಳಿಕೊಂಡು ಹೆಮ್ಮೆಪಡುತ್ತಿದ್ದೆನು. ಮೋಡವು ಯಾವ ಕಡೆಗೆ ತಿರುಗಿತೆಂಬುದರಿಂದ ಮನುಷ್ಯನ ಶೀಲವು ನಿರ್ಣಯವಾಗಲಾರದು. ನಾನು ಹಾಳೆಯನ್ನು ಕೊಂಡಾಗ ಆ ಹುಡುಗನನ್ನೂ ಆ ದಾರಿಗಾರನನ್ನೂ ನೆನೆಯಲಿಲ್ಲವೆಂಬುದೇ ನನ್ನ ದೋಷ. ಅದು ಅಂಗಡಿಯಲ್ಲಿಯೇ ನಡೆದುಹೋಗಿತ್ತು. ಮಳೆಯು ಅದನ್ನು ನನಗೆ ತೋರಿಸಿತು, ಅಷ್ಟೆ.

ಮಡಿಕೆ ಬಿಚ್ಚದ ಆ ಅಂಗಿಯೂ ಹೊದಿಕೆಯೂ ಈಗ ನಮ್ಮ ಮನೆಯ ಗೂಟದ ಮೇಲಿವೆ. ಬೆಟ್ಟಕ್ಕೆ ಹೊರಡುವ ನೆರೆಹೊರೆಯ ಹುಡುಗರು ಯಾರಾದರೂ ಕೇಳಿದರೆ ಕೊಡುತ್ತೇನೆ. ಒಣಗಿಸಿ ತಂದುಕೊಡಬೇಕೆಂಬುದೊಂದೇ ಬಾಡಿಗೆ.